ರೂಪ ಕಂಡಿತು, ಬುದ್ಧಿ ಕಾಣಲಿಲ್ಲ

1942ರ ಆಗಸ್ಟ್ 11. ಎರಡನೇ ಮಹಾಯುದ್ಧ ಉಗ್ರವಾಗಿ ನಡೆದಿದ್ದ ಕಾಲ. ಅಂದು ಅಮೆರಿಕದ ಪೇಟೆಂಟ್ ಕಚೇರಿ 2292387ನೇ ಸಂಖ್ಯೆಯ ಪೇಟೆಂಟನ್ನು ನೀಡಿತು. ವಿಷಯ, ‘ರಹಸ್ಯ ಸಂಪರ್ಕ ವ್ಯವಸ್ಥೆ’. ಶತ್ರುವಿಗೆ ಸುಳಿವು ಸಿಗದಂತೆ ರೇಡಿಯೊ ಅಲೆಗಳ ನೆರವಿನಿಂದ ಟಾರ್ಪೆಡೊವನ್ನು ಗುರಿಯತ್ತ ನಡೆಸುವ ವಿಧಾನ ಅದರಲ್ಲಿತ್ತು. ಸಂಶೋಧಕರು ಇಬ್ಬರು. ಒಬ್ಬ ಜಾರ್ಜ್ ಆಂಥೀಲ್ ಎಂಬ ಸಂಗೀತ ಸಂಯೋಜಕ. ಇನ್ನೊಬ್ಬಳು ಹೆಡಿ ಕೀಸ್ಲರ್ ಮಾರ್ಕಿ.

ಈ ಎರಡನೆಯ ಹೆಸರನ್ನು ಓದಿ ಯಾರೂ ಹುಬ್ಬೇರಿಸುವಂತಿರಲಿಲ್ಲ. ಆದರೆ ಆ ಹೆಸರಿನ ಹಿಂದಿದ್ದ ಮುಖವನ್ನು ಅರಿಯದ ಸಿನಿಮಾ ಪ್ರೇಕ್ಷಕ ಅಂದಿನ ಅಮೆರಿಕದಲ್ಲಿ ಇರಲಿಲ್ಲ ಎನ್ನಬೇಕು. ಆಕೆಯೇ ಹಾಲಿವುಡ್‌ನ ಪ್ರಖ್ಯಾತ ತಾರೆ ಹೆಡಿ ಲಮಾರ್. ‘ಜಗತ್ತಿನ ಅತ್ಯಂತ ಸುಂದರ ಮಹಿಳೆ’ ಎಂದು ಆಕೆಯ ಚಿತ್ರಸಂಸ್ಥೆಯೇ ಡಂಗುರ ಸಾರಿತ್ತು. ಬೆಳ್ಳಿತೆರೆಯ ಚೆಲುವೆಗೂ ಸಮುದ್ರದಡಿಯ ಟಾರ್ಪೆಡೊಗೂ ಎತ್ತಣಿಂದೆತ್ತ ಸಂಬಂಧ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ವಿಯೆನ್ನಾ ನಗರದ ಬೀದಿಗಳಲ್ಲಿ ತಂದೆಯ ಕೈಹಿಡಿದು ನಡೆಯುತ್ತಿದ್ದ ಒಬ್ಬ ಪುಟ್ಟ ಹುಡುಗಿಯ ಬಳಿಗೆ ತಲುಪುತ್ತೇವೆ.

ಬಿಚ್ಚಿ ನೋಡುವ ಬಾಲಕಿ

ಹೆಡ್‌ವಿಗ್ ಇವಾ ಮರಿಯಾ ಕೀಸ್ಲರ್ ಹುಟ್ಟಿದ್ದು 1914ರ ನವೆಂಬರ್ 9ರಂದು, ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ. ಯಹೂದಿ ಮೂಲದ ಅನುಕೂಲಸ್ಥ ಕುಟುಂಬ. ತಂದೆ ಎಮಿಲ್ ಬ್ಯಾಂಕಿನ ನಿರ್ದೇಶಕರು. ತಾಯಿ ಗೆರ್ಟ್ರೂಡ್ ಪಿಯಾನೊ ವಾದಕಿ. ಒಬ್ಬಳೇ ಮಗಳು.

ತಂದೆಗೆ ಮಗಳೊಂದಿಗೆ ವಾಯುವಿಹಾರಕ್ಕೆ ಹೋಗುವುದೆಂದರೆ ಇಷ್ಟ. ದಾರಿಯಲ್ಲಿ ಟ್ರಾಮ್ ಕಂಡರೆ ಅದು ಹೇಗೆ ಚಲಿಸುತ್ತದೆ, ಮುದ್ರಣ ಯಂತ್ರ ಕಂಡರೆ ಅದರಲ್ಲಿ ಅಕ್ಷರ ಹೇಗೆ ಮೂಡುತ್ತದೆ ಎಂದು ತಾಳ್ಮೆಯಿಂದ ವಿವರಿಸುತ್ತಿದ್ದರು. ‘ಇದೆಲ್ಲ ಹೆಣ್ಣುಮಗುವಿಗೇಕೆ?’ ಎಂದು ಅವರಿಗೆ ಅನಿಸಲಿಲ್ಲ. ಅದರ ಫಲ ಬೇಗನೆ ಕಾಣಿಸಿತು. ಐದು ವರ್ಷದ ಹೆಡಿ ತನ್ನ ಸಂಗೀತದ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ, ಒಳಗಿನ ಗುಟ್ಟು ತಿಳಿದುಕೊಂಡು, ಮತ್ತೆ ಮೊದಲಿನಂತೆ ಜೋಡಿಸಿಟ್ಟಳು. ಬಿಚ್ಚುವ ಮಕ್ಕಳು ಎಲ್ಲ ಮನೆಗಳಲ್ಲೂ ಇರುತ್ತಾರೆ. ಮರಳಿ ಜೋಡಿಸುವವರು ಕಡಿಮೆ.

ಆದರೆ ಹುಡುಗಿಯ ಮನಸ್ಸನ್ನು ಸೆಳೆದದ್ದು ಪ್ರಯೋಗಶಾಲೆಯಲ್ಲ, ಸಿನಿಮಾ. ಹದಿಹರೆಯದಲ್ಲಿಯೇ ಶಾಲೆ ತಪ್ಪಿಸಿ ವಿಯೆನ್ನಾದ ಸಾಶಾ ಚಿತ್ರ ಸ್ಟುಡಿಯೊದ ಬಾಗಿಲು ತಟ್ಟಿ ಸಣ್ಣಪುಟ್ಟ ಕೆಲಸ ಗಿಟ್ಟಿಸಿದಳು. ಬರ್ಲಿನ್‌ಗೆ ಹೋಗಿ ಪ್ರಸಿದ್ಧ ರಂಗ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ಬಳಿ ಅಭಿನಯ ಕಲಿತಳು. ಅಲ್ಲಿಗೆ ಶಾಲೆಯ ಓದು ಮುಗಿದಂತಾಯಿತು. ಮುಂದೆ ಆಕೆ ಮಾಡಿದ ಸಂಶೋಧನೆಯನ್ನು ಓದುವಾಗ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1933ರಲ್ಲಿ ತೆರೆಕಂಡ ‘ಎಕ್ಸ್‌ಟಸಿ’ ಎಂಬ ಝೆಕ್ ಚಿತ್ರದ ಕೆಲವು ದಿಟ್ಟ ದೃಶ್ಯಗಳು ಯುರೋಪಿನಲ್ಲಿ ಕೋಲಾಹಲವೆಬ್ಬಿಸಿದವು. ಅಮೆರಿಕ ಅದರ ಪ್ರದರ್ಶನಕ್ಕೆ ಅಡ್ಡಿಪಡಿಸಿತು. ಚಿತ್ರೀಕರಣದ ವೇಳೆಗೆ ಹೆಡಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ಆ ಒಂದು ಚಿತ್ರದ ಅಪಕೀರ್ತಿ ಜೀವನವಿಡೀ ಆಕೆಯನ್ನು ನೆರಳಿನಂತೆ ಹಿಂಬಾಲಿಸಿತು.

ಚಿನ್ನದ ಪಂಜರ

ಅದೇ 1933ರಲ್ಲಿ ಹೆಡಿಯ ವಿವಾಹ ಫ್ರಿಟ್ಜ್ ಮಾಂಡ್ಲ್ ಎಂಬುವನೊಂದಿಗೆ ನಡೆಯಿತು. ಆತ ಆಸ್ಟ್ರಿಯಾದ ಅತಿ ದೊಡ್ಡ ಶಸ್ತ್ರಾಸ್ತ್ರ ತಯಾರಕರಲ್ಲಿ ಒಬ್ಬ. ಆಳುಕಾಳು, ಒಡವೆ, ಬಂಗಲೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಹೆಂಡತಿ ನಟಿಸುವುದು ಅವನಿಗೆ ಬೇಡವಾಗಿತ್ತು. ‘ಎಕ್ಸ್‌ಟಸಿ’ಯ ಪ್ರತಿಗಳನ್ನೆಲ್ಲ ಕೊಂಡು ನಾಶಪಡಿಸಲು ಹೊರಟ ಅಸೂಯಾಪರ ಅವನು. ಅವನ ಪಾಲಿಗೆ ಹೆಡಿ ಅತಿಥಿಗಳೆದುರು ಪ್ರದರ್ಶಿಸುವ ಬೆಲೆಬಾಳುವ ಗೊಂಬೆ.

ಮಾಂಡ್ಲ್‌ನ ಔತಣಕೂಟಗಳಿಗೆ ಸೇನಾಧಿಕಾರಿಗಳು, ತಂತ್ರಜ್ಞರು, ರಾಜಕಾರಣಿಗಳು ಬರುತ್ತಿದ್ದರು. ಬಾಂಬು, ಟಾರ್ಪೆಡೊ, ಅವುಗಳನ್ನು ದೂರದಿಂದ ನಿಯಂತ್ರಿಸುವ ಬಗೆ ಎಲ್ಲವೂ ಊಟದ ಮೇಜಿನ ಮಾತಾಗಿತ್ತು. ಯಜಮಾನನ ಪಕ್ಕದಲ್ಲಿ ಮುಗುಳ್ನಗುತ್ತ ಕುಳಿತ ಸುಂದರಿಗೆ ಇದೊಂದೂ ತಲೆಗೆ ಹತ್ತದು ಎಂಬುದು ಎಲ್ಲರ ಎಣಿಕೆ. ಆಕೆಯಾದರೋ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

1935ರಲ್ಲಿ ಪ್ರೀತಿಯ ತಂದೆ ತೀರಿಕೊಂಡರು. ನೆರೆಯ ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಯಹೂದಿಗಳ ಪಾಲಿಗೆ ನರಕವಾಗುತ್ತಿತ್ತು. 1937ರಲ್ಲಿ ಹೆಡಿ ಗಂಡನ ಮನೆ ತೊರೆದಳು. ಸೇವಕಿಯ ವೇಷ ತೊಟ್ಟು ಪಾರಾದಳು ಎಂಬುದೂ ಸೇರಿದಂತೆ ಈ ಬಗ್ಗೆ ಬಗೆಬಗೆಯ ಕತೆಗಳಿವೆ. ಪ್ಯಾರಿಸ್ ಮಾರ್ಗವಾಗಿ ಲಂಡನ್ ತಲುಪಿದಳೆಂಬುದು ನಿಜ.

ಲಂಡನ್ನಿನಲ್ಲಿ ಹಾಲಿವುಡ್‌ನ ಎಂ.ಜಿ.ಎಂ. ಸಂಸ್ಥೆಯ ಮುಖ್ಯಸ್ಥ ಲೂಯಿ ಬಿ. ಮೇಯರ್‌ನ ಭೇಟಿಯಾಯಿತು. ವಾರಕ್ಕೆ 125 ಡಾಲರ್ ಕೊಡುವೆನೆಂದ. ಕೈಯಲ್ಲಿ ಕಾಸಿಲ್ಲದಿದ್ದರೂ ಹೆಡಿ ಒಪ್ಪಲಿಲ್ಲ. ಬದಲಿಗೆ ಮೇಯರ್ ಅಮೆರಿಕಕ್ಕೆ ಮರಳುತ್ತಿದ್ದ ‘ನಾರ್ಮಂಡಿ’ ಹಡಗಿಗೆ ತಾನೂ ಟಿಕೆಟ್ ಪಡೆದಳು. ಹಡಗು ದಡ ಸೇರುವ ಹೊತ್ತಿಗೆ ವಾರಕ್ಕೆ 500 ಡಾಲರಿನ ಒಪ್ಪಂದ ಆಕೆಯ ಕೈಯಲ್ಲಿತ್ತು! ಬಾರ್ಬರಾ ಲಾ ಮಾರ್ ಎಂಬ ಮೂಕಿ ಚಿತ್ರಗಳ ದಿವಂಗತ ತಾರೆಯ ನೆನಪಿಗೆ ‘ಲಮಾರ್’ ಎಂಬ ಹೊಸ ಹೆಸರೂ ಬಂತು.

ತೆರೆಯ ಮೇಲೆ, ತೆರೆಯ ಹಿಂದೆ

1938ರಲ್ಲಿ ಬಂದ ‘ಅಲ್ಜಿಯರ್ಸ್’ ಆಕೆಯ ಮೊದಲ ಅಮೆರಿಕನ್ ಚಿತ್ರ. ಚಾರ್ಲ್ಸ್ ಬೊಯೆ ನಾಯಕ. ಒಂದೇ ಚಿತ್ರದಿಂದ ಹೆಡಿ ಮನೆಮಾತಾದಳು. ಆಕೆಯಂತೆ ಬೈತಲೆ ತೆಗೆದು ಕೂದಲು ಇಳಿಬಿಡುವುದು ತರುಣಿಯರ ಫ್ಯಾಷನ್ ಆಯಿತು. ಮುಂದೆ ಕ್ಲಾರ್ಕ್ ಗೇಬಲ್ ಮತ್ತು ಸ್ಪೆನ್ಸರ್ ಟ್ರೇಸಿ ಜತೆ ‘ಬೂಮ್ ಟೌನ್’ (1940), ಜೂಡಿ ಗಾರ್ಲೆಂಡ್ ಮತ್ತು ಲಾನಾ ಟರ್ನರ್ ಜತೆ ‘ಝೀಗ್‌ಫೆಲ್ಡ್ ಗರ್ಲ್’ (1941), ಜಾನ್ ಸ್ಟೈನ್‌ಬೆಕ್ ಕಾದಂಬರಿ ಆಧರಿಸಿದ ‘ಟಾರ್ಟಿಲ್ಲಾ ಫ್ಲ್ಯಾಟ್’ (1942) ಬಂದವು. ಅವಳ ಚಿತ್ರಗಳ ಪೈಕಿ ಅತಿ ದೊಡ್ಡ ಯಶಸ್ಸು ಕಂಡದ್ದು ಸೆಸಿಲ್ ಬಿ. ಡೆಮಿಲ್ ನಿರ್ದೇಶಿಸಿದ ‘ಸ್ಯಾಮ್ಸನ್ ಅಂಡ್ ಡಿಲೈಲಾ’ (1949).

ಆದರೆ ಸಿಕ್ಕ ಪಾತ್ರಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ನಿಗೂಢ ಚೆಲುವೆ, ಪರದೇಶದ ಮೋಹಿನಿ, ಕಡಿಮೆ ಮಾತು, ಹೆಚ್ಚು ಕ್ಲೋಸ್ ಅಪ್. ಸುಮ್ಮನೆ ನಿಂತು ಪೆದ್ದಿಯಂತೆ ಕಾಣಿಸಿದರೆ ಸಾಕು, ಯಾವ ಹುಡುಗಿಯೂ ಮೋಹಕಳಾಗುತ್ತಾಳೆ ಎಂಬ ವ್ಯಂಗ್ಯದ ಮಾತು ಆಕೆಯ ಹೆಸರಿನಲ್ಲಿ ಪ್ರಚಲಿತವಾಗಿದೆ.

ಹಾಲಿವುಡ್ಡಿನ ರಾತ್ರಿಕೂಟಗಳು ಆಕೆಗೆ ಹಿಡಿಸಲಿಲ್ಲ. ಮನೆಯಲ್ಲಿ ನಕ್ಷೆ ಬಿಡಿಸುವ ಮೇಜು, ಉಪಕರಣಗಳು, ಪುಸ್ತಕಗಳನ್ನಿಟ್ಟುಕೊಂಡು ಬಿಡುವಿನಲ್ಲಿ ಏನಾದರೊಂದು ಪ್ರಯೋಗ ಮಾಡುತ್ತಿದ್ದಳು. ನೀರಿಗೆ ಹಾಕಿದರೆ ಕರಗಿ ಕೋಲಾ ಪಾನೀಯವಾಗುವ ಗುಳಿಗೆಯೊಂದನ್ನು ತಯಾರಿಸಲು ಯತ್ನಿಸಿ ಸೋತಳು. ಪ್ರಸಿದ್ಧ ವಿಮಾನ ತಯಾರಕ ಹೊವಾರ್ಡ್ ಹ್ಯೂಸ್ ಆಕೆಯ ನೆರವಿಗೆ ತನ್ನ ರಸಾಯನ ತಜ್ಞರನ್ನೇ ಒದಗಿಸಿದ್ದನಂತೆ. ಅವನ ವಿಮಾನದ ಚೌಕಾಕಾರದ ರೆಕ್ಕೆಗಳನ್ನು ನೋಡಿ ಹೆಡಿಗೆ ಸಮಾಧಾನವಾಗಲಿಲ್ಲ. ಅತಿ ವೇಗದ ಮೀನು ಮತ್ತು ಅತಿ ವೇಗದ ಹಕ್ಕಿ ಯಾವುವೆಂದು ಪುಸ್ತಕಗಳಲ್ಲಿ ಹುಡುಕಿ, ಅವುಗಳ ಈಜುರೆಕ್ಕೆ ಮತ್ತು ರೆಕ್ಕೆಗಳ ಆಕಾರ ಕೂಡಿಸಿ ಹೊಸ ರೆಕ್ಕೆಯ ಚಿತ್ರ ಬರೆದುಕೊಟ್ಟೆನೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಸೃಷ್ಟಿಯನ್ನು ನೋಡಿ ಯಂತ್ರ ಕಟ್ಟುವ ಈ ದೃಷ್ಟಿ ವಿಜ್ಞಾನಿಯದೇ.

ಮುಳುಗಿದ ಹಡಗು

1940ರ ಸೆಪ್ಟೆಂಬರ್. ಬಾಂಬಿನ ದಾಳಿಗೆ ತುತ್ತಾಗಿದ್ದ ಬ್ರಿಟನ್ನಿನಿಂದ ಮಕ್ಕಳನ್ನು ಸುರಕ್ಷಿತವಾಗಿ ಕೆನಡಾಕ್ಕೆ ಸಾಗಿಸಲು ‘ಸಿಟಿ ಆಫ್ ಬೆನಾರಸ್’ ಎಂಬ ಹಡಗು ಲಿವರ್‌ಪೂಲ್‌ನಿಂದ ಹೊರಟಿತ್ತು. ನಮ್ಮ ಕಾಶಿಯ ಹೆಸರು ಹೊತ್ತ ಆ ಹಡಗಿನಲ್ಲಿ ಭಾರತೀಯ ನಾವಿಕರೂ ಬಹಳ ಮಂದಿ ಇದ್ದರು. ಸೆಪ್ಟೆಂಬರ್ 17ರ ರಾತ್ರಿ ಜರ್ಮನಿಯ ಜಲಾಂತರ್ಗಾಮಿಯೊಂದು ಬಿಟ್ಟ ಟಾರ್ಪೆಡೊ ತಗುಲಿ ಹಡಗು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಸರ್ಕಾರದ ಯೋಜನೆಯಡಿ ಹೊರಟಿದ್ದ 90 ಮಕ್ಕಳಲ್ಲಿ 77 ಮಕ್ಕಳು ಅಸುನೀಗಿದರು.

ಈ ಸುದ್ದಿ ಜಗತ್ತನ್ನೇ ತಲ್ಲಣಗೊಳಿಸಿತು. ಹೆಡಿಗಂತೂ ಅದು ದೂರದ ಸುದ್ದಿಯಾಗಿರಲಿಲ್ಲ. ವಿಯೆನ್ನಾದಿಂದ ಪಾರಾಗಿ ಲಂಡನ್ ಸೇರಿದ್ದ ತಾಯಿಯನ್ನು ಅದೇ ಸಮುದ್ರ ದಾಟಿಸಿ ಕರೆತರಬೇಕಾಗಿತ್ತು. ಶತ್ರು ಜಲಾಂತರ್ಗಾಮಿಗಳನ್ನು ಗುರಿತಪ್ಪದೆ ಹೊಡೆಯುವ ಟಾರ್ಪೆಡೊ ಏಕಿರಬಾರದು? ಮಾಂಡ್ಲ್‌ನ ಮನೆಯ ಊಟದ ಮೇಜಿನಲ್ಲಿ ಕೇಳಿದ ಮಾತುಗಳು ಈಗ ಬೇರೆಯೇ ಅರ್ಥ ಪಡೆದವು.

ರೇಡಿಯೊ ಸಂಕೇತದಿಂದ ಟಾರ್ಪೆಡೊವನ್ನು ತಿರುಗಿಸಬಹುದೆಂಬುದು ಆಗಲೇ ಗೊತ್ತಿದ್ದ ವಿಷಯ. ತೊಡಕು ಬೇರೆಯಿತ್ತು. ಸಂಕೇತ ಒಂದೇ ಆವೃತ್ತಿಯಲ್ಲಿ, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಹೋಗುತ್ತದೆ. ಆಕಾಶವಾಣಿ ಕೇಳುವವರು ಮುಳ್ಳನ್ನು ಆ ನಿಲ್ದಾಣದ ಜಾಗಕ್ಕೆ ತಂದು ನಿಲ್ಲಿಸುತ್ತಾರಲ್ಲ, ಹಾಗೆ ಶತ್ರುವೂ ಹುಡುಕಿ ಆ ಆವೃತ್ತಿಯನ್ನು ಹಿಡಿಯಬಲ್ಲ. ಹಿಡಿದೊಡನೆ ಅದೇ ಆವೃತ್ತಿಯಲ್ಲಿ ಜೋರಾಗಿ ಗದ್ದಲ ಬಿತ್ತರಿಸಿದರಾಯಿತು, ಟಾರ್ಪೆಡೊ ಕಿವುಡಾಗಿ ದಿಕ್ಕು ತಪ್ಪುತ್ತದೆ.

ಹೆಡಿಗೆ ಹೊಳೆದ ಉಪಾಯ ಇಷ್ಟೇ: ಸಂಕೇತ ಒಂದೆಡೆ ನಿಲ್ಲಲೇಬಾರದು. ಕ್ಷಣಕ್ಷಣಕ್ಕೂ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ನೆಗೆಯುತ್ತಿರಬೇಕು.

ಕುಂಟೆಬಿಲ್ಲೆಯ ಆಟ

ಇದನ್ನು ತಿಳಿಯಲು ಕುಂಟೆಬಿಲ್ಲೆ ಆಟವನ್ನು ನೆನೆದರೆ ಸಾಕು. ಅಂಗಳದಲ್ಲಿ ಅನೇಕ ಮನೆಗಳನ್ನು ಬರೆದಿದೆ ಎಂದುಕೊಳ್ಳಿ. ಇಬ್ಬರು ಹುಡುಗಿಯರು ಮೊದಲೇ ಗುಟ್ಟಾಗಿ ಮಾತಾಡಿಕೊಂಡಿದ್ದಾರೆ: ಮೊದಲು 3ನೇ ಮನೆ, ಆಮೇಲೆ 7, ಆಮೇಲೆ 2, ಆಮೇಲೆ 5. ಇಬ್ಬರೂ ಎರಡು ಬೇರೆ ಅಂಗಳಗಳಲ್ಲಿ ನಿಂತು ಒಂದೇ ತಾಳಕ್ಕೆ ಜಿಗಿದರೆ ಪ್ರತಿ ಸಲವೂ ಒಂದೇ ಸಂಖ್ಯೆಯ ಮನೆಯಲ್ಲಿರುತ್ತಾರೆ. ಕ್ರಮ ತಿಳಿಯದ ಮೂರನೆಯವಳು ಅವರನ್ನು ಹಿಂಬಾಲಿಸಲು ಹೋದರೆ, ಅವಳು 3ನೇ ಮನೆಗೆ ಬರುವಷ್ಟರಲ್ಲಿ ಅವರು 7ರಲ್ಲಿರುತ್ತಾರೆ. ಒಬ್ಬಳು ಹಡಗಿನಲ್ಲಿರುವ ಪ್ರೇಷಕ, ಇನ್ನೊಬ್ಬಳು ಟಾರ್ಪೆಡೊದಲ್ಲಿರುವ ಗ್ರಾಹಕ, ಮೂರನೆಯವಳು ಶತ್ರು. ಇದೇ ‘ಫ್ರೀಕ್ವೆನ್ಸಿ ಹಾಪಿಂಗ್’, ಕನ್ನಡದಲ್ಲಿ ಆವೃತ್ತಿ ಜಿಗಿತ ಎನ್ನಬಹುದು.

ಉಪಾಯವೇನೋ ಸರಿ. ಆದರೆ ಪ್ರೇಷಕ ಮತ್ತು ಗ್ರಾಹಕ ಎರಡೂ ಒಂದೇ ಗಳಿಗೆಗೆ, ಒಂದೇ ಕ್ರಮದಲ್ಲಿ ಜಿಗಿಯುವಂತೆ ಮಾಡುವುದು ಹೇಗೆ? ಇಲ್ಲಿ ಜಾರ್ಜ್ ಆಂಥೀಲ್‌ನ ಪ್ರವೇಶವಾಗುತ್ತದೆ. 1940ರಲ್ಲಿ ಔತಣವೊಂದರಲ್ಲಿ ಇಬ್ಬರ ಪರಿಚಯವಾಗಿತ್ತು. ಆಂಥೀಲ್ ಹಿಂದೆ ಪ್ಯಾರಿಸ್‌ನಲ್ಲಿದ್ದಾಗ ‘ಬ್ಯಾಲೆ ಮೆಕಾನಿಕ್’ ಎಂಬ ವಿಚಿತ್ರ ಕೃತಿ ರಚಿಸಿದ್ದ. ಅದರ ಮೂಲ ಕಲ್ಪನೆಯಲ್ಲಿ ತಾವಾಗಿ ನುಡಿಯುವ 16 ಪಿಯಾನೊಗಳು ಒಟ್ಟಿಗೆ ಮೊಳಗಬೇಕಿತ್ತು. ಅಂಥ ಪಿಯಾನೊದೊಳಗೆ ತೂತು ಕೊರೆದ ಕಾಗದದ ಸುರುಳಿ ಇರುತ್ತದೆ. ಸುರುಳಿ ಬಿಚ್ಚಿಕೊಳ್ಳುತ್ತ ಹೋದಂತೆ ಯಾವ ತೂತು ಎದುರಾಗುತ್ತದೋ ಅದಕ್ಕೆ ಹೊಂದಿದ ಮನೆ ನುಡಿಯುತ್ತದೆ.

ಸಂಗೀತದ ಸ್ವರದ ಜಾಗದಲ್ಲಿ ರೇಡಿಯೊ ಆವೃತ್ತಿಯನ್ನಿಟ್ಟರೆ? ಒಂದೇ ಬಗೆಯಲ್ಲಿ ತೂತು ಕೊರೆದ ಎರಡು ಸುರುಳಿಗಳು, ಒಂದು ಹಡಗಿನಲ್ಲಿ, ಒಂದು ಟಾರ್ಪೆಡೊದಲ್ಲಿ. ಎರಡೂ ಒಂದೇ ವೇಗದಲ್ಲಿ ಸುತ್ತಿದರೆ ಜಿಗಿತವೂ ಒಂದೇ. ಪಿಯಾನೊಗೆ 88 ಮನೆಗಳು. ಪೇಟೆಂಟಿನಲ್ಲೂ 88 ಆವೃತ್ತಿಗಳ ಮಾತು ಬಂದದ್ದು ಹೀಗೆ! ವೈರಿಯ ದಿಕ್ಕು ತಪ್ಪಿಸಲು ನಡುನಡುವೆ ಸುಳ್ಳು ಸಂಕೇತ ಕಳಿಸುವ ಏರ್ಪಾಡೂ ಅದರಲ್ಲಿತ್ತು.

ಸಂಶೋಧಕರ ವಿಚಾರಗಳನ್ನು ಪರಿಶೀಲಿಸಲೆಂದೇ ರಚಿಸಿದ್ದ ರಾಷ್ಟ್ರೀಯ ಮಂಡಳಿಗೆ ಇಬ್ಬರೂ ವಿವರ ಕಳುಹಿಸಿದರು. ಮಂಡಳಿ ಮೆಚ್ಚಿತು. ಕ್ಯಾಲ್‌ಟೆಕ್ ಸಂಸ್ಥೆಯ ಪ್ರಾಧ್ಯಾಪಕ ಸ್ಯಾಮ್ಯುಯಲ್ ಮೆಕಿಯೋನ್ ವಿದ್ಯುತ್ ಮಂಡಲಗಳ ವಿಷಯದಲ್ಲಿ ನೆರವಾದರು. 1941ರ ಜೂನ್ 10ರಂದು ಅರ್ಜಿ ಸಲ್ಲಿಕೆಯಾಯಿತು.

ನೌಕಾಪಡೆಯ ನಿರಾಕರಣೆ

ಪೇಟೆಂಟ್ ಬಂತು. ಆದರೆ ನೌಕಾಪಡೆ ಅದನ್ನು ಬಳಸಲೊಪ್ಪಲಿಲ್ಲ. ಉಪಕರಣ ಟಾರ್ಪೆಡೊದಲ್ಲಿ ಹಿಡಿಸಲಾರದಷ್ಟು ದೊಡ್ಡದು ಎಂದಿತು. ಪಿಯಾನೊದ ಹೋಲಿಕೆ ಕೊಟ್ಟದ್ದೇ ತಪ್ಪಾಯಿತು, ಅಧಿಕಾರಿಗಳು ಟಾರ್ಪೆಡೊದೊಳಗೆ ಇಡೀ ಪಿಯಾನೊವನ್ನೇ ಕಲ್ಪಿಸಿಕೊಂಡರು ಎಂಬ ಧಾಟಿಯಲ್ಲಿ ಆಂಥೀಲ್ ಮುಂದೆ ಹಾಸ್ಯ ಮಾಡಿದ್ದಾನೆ.

ನೌಕಾಪಡೆಯದೇ ಪೂರ್ತಿ ತಪ್ಪು ಎನ್ನುವಂತೆಯೂ ಇಲ್ಲ. ಆಗ ಅದು ತನ್ನ ಸಾಧಾರಣ ಟಾರ್ಪೆಡೊಗಳು ಸಿಡಿಯದಿರುವ ಸಮಸ್ಯೆಯಿಂದಲೇ ಹೈರಾಣಾಗಿತ್ತು. ಸಮುದ್ರದ ಉಪ್ಪುನೀರಿನಲ್ಲಿ ರೇಡಿಯೊ ಅಲೆಗಳು ಆಳಕ್ಕೆ ಇಳಿಯುವುದಿಲ್ಲ ಎಂಬ ತೊಡಕೂ ಇದ್ದದ್ದೇ. ಕಾಗದದ ಸುರುಳಿಯ ಬದಲಿಗೆ ಬೇಕಾಗಿದ್ದ ಪುಟ್ಟ ಎಲೆಕ್ಟ್ರಾನಿಕ್ ಸಾಧನ ಇನ್ನೂ ಹುಟ್ಟಿರಲಿಲ್ಲ. ಟ್ರಾನ್ಸಿಸ್ಟರ್ ಬಂದದ್ದು 1947ರ ಕೊನೆಗೆ. ವಿಚಾರ ಕಾಲಕ್ಕಿಂತ ಮುಂದಿತ್ತು.

ದೇಶಕ್ಕಾಗಿ ಏನಾದರೂ ಮಾಡಲೇಬೇಕೆಂಬ ಹಂಬಲವಿದ್ದ ಹೆಡಿಗೆ ಉಳಿದ ದಾರಿ ತನ್ನ ರೂಪ, ತನ್ನ ಹೆಸರು. ಯುದ್ಧದ ಬಾಂಡುಗಳ ಮಾರಾಟಕ್ಕೆ ಊರೂರು ತಿರುಗಿದಳು. ಸೈನಿಕರಿಗಾಗಿ ನಡೆಸುತ್ತಿದ್ದ ಹಾಲಿವುಡ್ ಕ್ಯಾಂಟೀನಿನಲ್ಲಿ ದುಡಿದಳು. ಸಭೆಗಳಲ್ಲಿ ಜನ ಮುಗಿಬಿದ್ದರು, ದುಡ್ಡು ಹರಿದುಬಂತು. ಆ ಜನರಲ್ಲಿ ಆಕೆಯ ಪೇಟೆಂಟಿನ ವಿಷಯ ಬಲ್ಲವರು ಇರಲಿಲ್ಲವೆನ್ನಬೇಕು.

ಇಳಿಹೊತ್ತು

ಮುಂದಿನ ಬದುಕು ಸುಖದ್ದಲ್ಲ. ಆರು ಮದುವೆಗಳು, ಆರೂ ವಿಚ್ಛೇದನದಲ್ಲಿ ಕೊನೆಗೊಂಡವು. ಒಳ್ಳೆಯ ಪಾತ್ರಗಳಿಗಾಗಿ ತಾನೇ ನಿರ್ಮಾಪಕಿಯಾಗಿ ‘ದ ಸ್ಟ್ರೇಂಜ್ ವುಮನ್’ (1946) ಮುಂತಾದ ಚಿತ್ರಗಳನ್ನು ಕೈಗೆತ್ತಿಕೊಂಡಳು. ಇಟಲಿಯಲ್ಲಿ ಚಿತ್ರ ತೆಗೆಯಲು ಹೋಗಿ ಹಣ ಕಳೆದುಕೊಂಡಳು. 1958ರ ‘ದ ಫೀಮೇಲ್ ಆನಿಮಲ್’ ಕೊನೆಯ ಚಿತ್ರ. 1966ರಲ್ಲಿ ಆಕೆಯ ಹೆಸರಿನಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಸುಳ್ಳುಗಳೇ ತುಂಬಿವೆ ಎಂದು ಆಕೆಯೇ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅಂಗಡಿಯಿಂದ ವಸ್ತು ಕದ್ದ ಆರೋಪವೂ ಬಂದು, ಖುಲಾಸೆಯಾಯಿತು. ಮುಪ್ಪನ್ನು ತಡೆಯಲು ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗಳು ಮುಖವನ್ನು ಕೆಡಿಸಿದವು. ಜಗತ್ತು ಯಾವುದನ್ನು ಮಾತ್ರ ಮೆಚ್ಚಿತ್ತೋ ಅದೇ ಕೈಬಿಟ್ಟಾಗ ಆಕೆ ಮನೆಯೊಳಗೆ ಸೇರಿಕೊಂಡಳು. ಕೊನೆಯ ವರ್ಷಗಳಲ್ಲಿ ಫ್ಲಾರಿಡಾದ ಮನೆಯಲ್ಲಿದ್ದುಕೊಂಡು ಮಕ್ಕಳೊಂದಿಗೂ ಹೆಚ್ಚಾಗಿ ದೂರವಾಣಿಯಲ್ಲೇ ಮಾತು.

ಇತ್ತ ಪೇಟೆಂಟಿನ ಅವಧಿ 1959ರಲ್ಲಿ ಮುಗಿಯಿತು. ಅದೇ ವರ್ಷ ಆಂಥೀಲ್ ತೀರಿಕೊಂಡ. ಇಬ್ಬರಿಗೂ ಅದರಿಂದ ಒಂದು ಡಾಲರ್ ಕೂಡ ಬರಲಿಲ್ಲ. ಎಲೆಕ್ಟ್ರಾನಿಕ್ಸ್ ಬೆಳೆದಂತೆ ಸೇನೆಯ ಸಂಪರ್ಕ ಸಾಧನಗಳಲ್ಲಿ ಆವೃತ್ತಿ ಜಿಗಿತ ಬಳಕೆಗೆ ಬಂತು. 1985ರಲ್ಲಿ ಅಮೆರಿಕ ಸರ್ಕಾರ ಇಂಥ ತಂತ್ರಗಳನ್ನು ಪರವಾನಗಿಯಿಲ್ಲದೆ ನಾಗರಿಕರೂ ಬಳಸಲು ಕೆಲವು ಆವೃತ್ತಿ ಪಟ್ಟಿಗಳನ್ನು ತೆರೆಯಿತು. ಇಂದು ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯಿಲ್ಲದ ಇಯರ್‌ಫೋನನ್ನು ಮೊಬೈಲಿಗೆ ಬೆಸೆಯುವ ಬ್ಲೂಟೂತ್ ಇದೇ ಜಿಗಿತದ ಆಟ ಆಡುತ್ತದೆ. ಅದರ ಮೂಲ ವಿಧಾನದಲ್ಲಿ 79 ಮನೆಗಳು, ಸೆಕೆಂಡಿಗೆ 1600 ಜಿಗಿತ!

ಇಲ್ಲಿ ವಿದ್ಯಾರ್ಥಿಗಳು ಒಂದು ಎಚ್ಚರ ವಹಿಸಬೇಕು. ‘ವೈಫೈ, ಜಿಪಿಎಸ್, ಮೊಬೈಲ್ ಎಲ್ಲವನ್ನೂ ಕಂಡುಹಿಡಿದ ನಟಿ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅತಿಶಯೋಕ್ತಿ. ಆವೃತ್ತಿ ಬದಲಿಸುವ ವಿಚಾರ ಅವರಿಗಿಂತ ಮೊದಲೂ ಕೆಲವರಿಗೆ ಹೊಳೆದಿತ್ತು. 1903ರಲ್ಲಿ ನಿಕೋಲಾ ಟೆಸ್ಲಾ ಪಡೆದ ಪೇಟೆಂಟಿನಲ್ಲೂ ಅದರ ಬೀಜವಿದೆ. ಜಿಪಿಎಸ್ ಬಳಸುವುದು ಬೇರೆ ವಿಧಾನವನ್ನು. ವೈಫೈನ 1997ರ ಮೊದಲ ಮಾದರಿಯಲ್ಲಿ ಜಿಗಿತಕ್ಕೆ ಸ್ಥಾನವಿತ್ತು, ಅನಂತರ ಬೇರೆ ತಂತ್ರಗಳು ಬಂದವು. ವಿಜ್ಞಾನದಲ್ಲಿ ಒಬ್ಬರೇ ಎಲ್ಲವನ್ನೂ ಕಂಡುಹಿಡಿಯುವುದು ಅಪರೂಪ. ಇದರಿಂದ ಹೆಡಿಯ ಸಾಧನೆ ಕಿರಿದಾಗುವುದಿಲ್ಲ. ಶಾಲೆಯನ್ನೂ ಪೂರ್ತಿಗೊಳಿಸದ ನಟಿಯೊಬ್ಬಳು ಸಮಸ್ಯೆಯನ್ನು ಸರಿಯಾಗಿ ಗುರುತಿಸಿ, ತನಗೆ ತಿಳಿಯದ್ದನ್ನು ಬಲ್ಲವರ ನೆರವು ಪಡೆದು, ಕೆಲಸ ಮಾಡಬಲ್ಲ ಪರಿಹಾರವನ್ನು ಕಾಗದದ ಮೇಲೆ ಇಟ್ಟಳು. ಸತ್ಯ ಇಷ್ಟಿದ್ದರೆ ಸಾಕು, ಅದಕ್ಕೆ ಬಣ್ಣ ಬಳಿಯಬೇಕಿಲ್ಲ.

ತಡವಾಗಿ ಬಂದ ಮನ್ನಣೆ

1997ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆ ಹೆಡಿ ಮತ್ತು ಆಂಥೀಲ್ ಇಬ್ಬರಿಗೂ ತನ್ನ ಪಯೊನಿಯರ್ ಪ್ರಶಸ್ತಿ ಘೋಷಿಸಿತು. ಆಕೆಗಾಗ 82 ವರ್ಷ. ಸುದ್ದಿ ಕೇಳಿ, ‘ಈಗಲಾದರೂ ಬಂತಲ್ಲ’ ಎಂಬರ್ಥದ ಮಾತು ಆಡಿದಳಂತೆ. ಸಮಾರಂಭಕ್ಕೆ ಹೋಗಲಿಲ್ಲ. ಮಗ ಆಂಟನಿ ಹೋಗಿ ಸ್ವೀಕರಿಸಿದ.

2000ದ ಜನವರಿ 19ರಂದು ಫ್ಲಾರಿಡಾದಲ್ಲಿ ಹೆಡಿ ಕೊನೆಯುಸಿರೆಳೆದಳು. ಆಕೆಯ ಇಚ್ಛೆಯಂತೆ ಚಿತಾಭಸ್ಮವನ್ನು ವಿಯೆನ್ನಾ ನಗರದಂಚಿನ ಕಾಡಿನಲ್ಲಿ ಚೆಲ್ಲಲಾಯಿತು. 2014ರಲ್ಲಿ, ಆಕೆಯ ಜನ್ಮಶತಾಬ್ದಿಯ ವರ್ಷದಲ್ಲಿ, ಅಮೆರಿಕದ ರಾಷ್ಟ್ರೀಯ ಸಂಶೋಧಕರ ಕೀರ್ತಿಭವನದಲ್ಲಿ ಇಬ್ಬರ ಹೆಸರೂ ಸೇರಿತು. ಆಕೆ ಹುಟ್ಟಿದ ನವೆಂಬರ್ 9 ಇಂದು ಜರ್ಮನ್ ಭಾಷೆಯ ನಾಡುಗಳಲ್ಲಿ ಸಂಶೋಧಕರ ದಿನ.

ಈ ಬದುಕಿನಲ್ಲಿ ಆಕೆಯನ್ನು ನೋಡಿದವರು ಲಕ್ಷಾಂತರ ಮಂದಿ. ‘ಇವಳಿಗೇನು ತಿಳಿದೀತು’ ಎಂದುಕೊಂಡು ಆಕೆಯೆದುರೇ ಶಸ್ತ್ರಾಸ್ತ್ರಗಳ ಗುಟ್ಟು ಮಾತಾಡಿದವರು ಎಷ್ಟೋ ಮಂದಿ. ‘ಇವಳಿಗೂ ತಿಳಿಯಲಿ’ ಎಂದು ಟ್ರಾಮಿನ ಬಳಿ ನಿಂತು ವಿವರಿಸಿದವರು ಒಬ್ಬರೇ, ಆಕೆಯ ತಂದೆ. ನಾಳೆ ಸಂಜೆ ಮನೆಯ ಮಗು ಮಿಕ್ಸಿಯನ್ನೋ ರೇಡಿಯೊವನ್ನೋ ತೋರಿಸಿ ಇದು ಹೇಗೆ ನಡೆಯುತ್ತದೆ ಎಂದು ಕೇಳಿದಾಗ, ಹೆತ್ತವರು ಐದು ನಿಮಿಷ ನಿಂತು ಉತ್ತರ ಹೇಳಲಿ. ಉತ್ತರ ಗೊತ್ತಿಲ್ಲದಿದ್ದರೆ ಮಗುವಿನ ಜತೆ ಕೂತು ಹುಡುಕಲಿ. ಕೇಳಿದ್ದು ಮಗನೋ ಮಗಳೋ ಎಂದು ನೋಡುವುದು ಬೇಡ.